ಕರದ ರವಿಯೋಲಿ, ಕಳ್ಳ ಕುಬಸ

ನಾ ಬಸುರಿ ಇರಲಿಲ್ಲ. ಈ ಮಾತ ಮೊದಲ ಹೇಳಿಬಿಡ್ತೀನಿ, ಯಾಕಂದ್ರ ಅವತ್ತ ಮುಂಜಾನಿಂದ ಸಂಜೀತನಕ ಇದನ್ನ ಹೇಳಾಕ ನನ್ನ ಯಾರೂ ಬಿಡಲಿಲ್ಲ. ಲಗ್ನ ಆಗಿ ನಾಕು ವರ್ಷ ಆಗಿತ್ತು, ಕೂಸು ಬೇಕಿತ್ತು, ಆಗಿರಲಿಲ್ಲ. ಇಷ್ಟ. ಉಳಿದ ಫಜೀತಿ ಎಲ್ಲಾ ಆದದ್ದು ಒಂದು ಕರದ ತಿಂಡಿಯಿಂದ.

ಆಗ ನಾವು ಹೈದರಾಬಾದಿನ ಕೊಂಡಾಪುರದಾಗ ಒಂದು ಹೊಸಾ ಅಪಾರ್ಟ್‌ಮೆಂಟಿನ ಮೂರನೇ ಅಂತಸ್ತಿನಾಗ ಇದ್ವಿ. ಎಡಕ್ಕ ಒಂದು ಕಟ್ಟಡ ಏಳಾಕತ್ತಿತ್ತು, ಬಲಕ್ಕ ಒಂದು, ಹಿಂದ ಎರಡು. ಮುಂಜಾನೆ ಧೂಳ ಒರಸಿ ಆಫೀಸಿಗೆ ಹೋದ್ರ ಸಂಜಿಗೆ ಬರೂದ್ರಾಗ ಮತ್ತ ಅಷ್ಟ ಧೂಳ. ನಾ ಸಾಫ್ಟ್‌ವೇರ್ ಕಂಪನ್ಯಾಗ ಟೆಸ್ಟಿಂಗ್ ಮಾಡ್ತಿದ್ದೆ, ಅಂದ್ರ ಬ್ಯಾರೇದವ್ರು ಮಾಡಿದ್ದರಾಗ ತಪ್ಪ ಹುಡುಕೋ ಕೆಲಸ. ಇದಕ್ಕ ಯಾರರ ಪಗಾರ ಕೊಡ್ತಾರಂತ ನಮ್ಮ ಅತ್ತಿಗೆ ನಂಬಿಕೀನ ಬರಲಿಲ್ಲ. ಅವರು ಅದನ್ನ ಕಲಬುರಗಿಯೊಳಗ ಮೂವತ್ತು ವರ್ಷ ಪುಗಸಟ್ಟೆ ಮಾಡ್ಯಾರ.

ಅತ್ತಿ ಕೆಟ್ಟವ್ರಲ್ಲ. ಆದ್ರ ನಾಕು ವರ್ಷದಾಗ ಒಂದ ಸಲನೂ "ನಿನ್ನ ನೌಕರಿ ಹೆಂಗ ನಡದೈತಿ" ಅಂತ ಕೇಳಿರಲಿಲ್ಲ. ಐತವಾರಕ್ಕೊಮ್ಮೆ ಫೋನ್ ಮಾಡಿ "ಊಟಾತೇನು? ನೀರ ಬರ್ತಾವೇನು? ಮತ್ತೇನರ ಸುದ್ದಿ?" ಅಂತಿದ್ರು. ಆ ಮತ್ತೇನರ ಸುದ್ದಿ ಅಂದ್ರ ಏನು ಅಂತ ಇಬ್ಬರಿಗೂ ಗೊತ್ತು. "ಏನಿಲ್ರಿ" ಅಂತಿದ್ದೆ ನಾನು.

ಆ ವರ್ಷ ನನ್ನ ಟೀಮ್ ಲೀಡ್ ಮಾಡಿದ್ರು. ಹನ್ನೊಂದು ಮಂದಿ ನನ್ನ ಕೈಕೆಳಗ. ಎಷ್ಟ ಖುಷಿ ಆತಂದ್ರ, ಲಿಫ್ಟಿನಾಗ ಯಾರೂ ಇಲ್ಲದ್ದು ನೋಡಿ ಒಂದ ಸುತ್ತ ಕುಣದೆ. ಆದ್ರ ಅತ್ತಿಗೆ ಹೇಳಲಿಲ್ಲ. ನಾಕು ವರ್ಷ ಕೇಳಲಾರದವ್ರಿಗೆ ನಾ ಯಾಕ ಮ್ಯಾಲ ಬಿದ್ದು ಹೇಳ್ಲಿ? ಸಿಟ್ಟು ನನಗ ಮೂಗಿನ ತುದಿಮ್ಯಾಲ ಇರ್ತಿತ್ತು ಆಗ. ಈಗ ಸ್ವಲ್ಪ ಒಳಗ ಸರದೈತಿ, ಅಷ್ಟ.

ಆಗಿನ ಆಫೀಸಿನ ರೂಢಿ ಒಂದಿತ್ತು. ಬಡ್ತಿ ಆದವ್ರು ಟೀಮಿನವ್ರನ್ನ ಮನಿಗೆ ಕರದು ಪಾರ್ಟಿ ಕೊಡಬೇಕು, ಮತ್ತ ಕೊಡೋದು ಸಮೋಸಾ ಆಗಿರಬಾರದು. ಹೊರದೇಶದ್ದ ಆಗಬೇಕು. ನನಗಿಂತ ಮೊದಲ ಬಡ್ತಿ ಆದಾಂವ ಮೆಕ್ಸಿಕೋದ್ದು ಅಂತ ಹೇಳಿ ರಾಜ್ಮಾ ಸುತ್ತಿದ ಚಪಾತಿ ಕೊಟ್ಟಿದ್ದ. ಅವನಿಗಿಂತ ಮೊದಲಿನಾಕಿ ಜಪಾನಿಂದು ಅಂತ ತಣ್ಣನ ಅನ್ನದ ಉಂಡಿ ಕೊಟ್ಟಿದ್ದಳು. ಎಲ್ಲಾರೂ ಭಾಳ ಹೊಗಳಿ ತಿಂದು, ದಾರ್ಯಾಗ ಗಾಡಿ ನಿಲ್ಲಿಸಿ ಮಿರ್ಚಿ ಬಜ್ಜಿ ತಿಂದು ಮನಿಗೆ ಹೋಗಿದ್ವಿ.

ನಮ್ಮ ಮ್ಯಾನೇಜರ್ ಮೂರು ತಿಂಗಳ ಅಮೆರಿಕಾದಾಗ ಇದ್ದು ಬಂದಿದ್ರು. ಆ ಮೂರು ತಿಂಗಳ ಮೂರು ವರ್ಷ ಆದ್ರೂ ಮುಗಿದಿರಲಿಲ್ಲ. ಊಟಕ್ಕ ಕುಂತಾಗ ಒಂದಿನ ಅಂದ್ರು: ಅಲ್ಲಿ ಒಂದು ಊರಾಗ ರವಿಯೋಲಿ ಅಂತ ಇಟಲಿಯವರ ಹೂರಣ ತುಂಬಿದ ಪಾಸ್ತಾಕ್ಕ ಬ್ರೆಡ್ಡಿನ ಪುಡಿ ಹಚ್ಚಿ ಕರೀತಾರ, ಪಾರ್ಟಿ ಅಂದ್ರ ಅದಾ ಮೊದಲ ಬರೋದು, ಇಲ್ಲಿ ಯಾರ ಕೈಲೆನೂ ಆಗೂ ಕೆಲಸ ಅಲ್ಲ ಅದು. "ಯಾಕಾಗಂಗಿಲ್ಲ? ಬರೋ ಶನಿವಾರ ನಮ್ಮನಿಗೆ ಬರ್ರಿ, ನಾ ಮಾಡ್ತೀನಿ" ಅಂದೆ. ಪಾಸ್ತಾ ಅನ್ನೋದನ್ನ ನಾ ಅಲ್ಲಿತನಕ ಮುಟ್ಟೂ ನೋಡಿರಲಿಲ್ಲ. ಬಾಯಿ ನಂದು, ಏನ ಮಾಡೋದು.

ಇಂಟರ್‌ನೆಟ್ಟಿನಾಗ ಹುಡುಕಿ ಆಫೀಸಿನ ಪ್ರಿಂಟರಿನಾಗ ಕದ್ದು ತಗದೆ. ಒಂಬತ್ತು ಪಾನ ಬಂತು. ಒಂದೊಂದು ಪಾನದಾಗ ಎರಡೆರಡು ಸಾಲು ತಿಂಡಿದು, ಉಳಿದದ್ದೆಲ್ಲಾ ತೂಕ ಇಳಸೋ ಗುಳಿಗಿ ಜಾಹೀರಾತು. ಎಲ್ಲಾ ಕೂಡಿಸಿ ಓದಿದ್ರ ಇಷ್ಟಿತ್ತು: ಹಿಟ್ಟು ತೆಳ್ಳಗ ಲಟ್ಟಿಸಿ, ಒಳಗ ಚೀಸ್ ಇಟ್ಟು, ಚೌಕ ಕತ್ತರಿಸಿ, ಅಂಚ ಒತ್ತಿ, ನೀರಾಗ ಕುದಿಸಿ, ಒರಸಿ, ತತ್ತಿಯೊಳಗ ಅದ್ದಿ, ಬ್ರೆಡ್ಡಿನ ಪುಡ್ಯಾಗ ಹೊಳ್ಳಾಡಿಸಿ, ಎಣ್ಯಾಗ ಕರದು, ಕೆಂಪನ ಟೊಮ್ಯಾಟೊ ಸಾಸ್ ಜೋಡಿ ಕೊಡೋದು. ಫೋಟೋ ನೋಡಿ ನಗು ಬಂತು. ಅಯ್ಯ, ಇದು ನಮ್ಮ ಕಡಬಲ್ಲೇನು! ಚೌಕ ಮಾಡಿ ಪುಡಿ ಹಚ್ಯಾರ, ಅಷ್ಟ.

ನಮ್ಮ ಮನ್ಯಾಗ ತತ್ತಿ ಬರಂಗಿಲ್ಲ, ಅದಕ್ಕ ಮೈದಾದ ತಿಳಿಹಿಟ್ಟು ಕಲಸಿದೆ. ಚೀಸ್ ಜೋಡಿ ಒಂದಿಷ್ಟು ಪನೀರು, ಪಾಲಕ. ಬ್ರೆಡ್ಡಿನ ಪುಡಿ ಎಲ್ಲಿ ಸಿಗ್ತೈತಿ ಅಂತ ನಮ್ಮನಿಯವ್ರಿಗೆ ಗೊತ್ತಾಗಲಿಲ್ಲ. ಅವರ ಆಫೀಸು ಅಬಿಡ್ಸಿನಾಗಿತ್ತು, ಅಲ್ಲಿ ಬೇಕರಿಯಿಂದ ಟೋಸ್ಟು ತಂದ್ರು, ಒರಳಾಗ ಕುಟ್ಟಿದೆ. ಸಾಸಿಗೆ ಹಾಕೋ ಒಣಸೊಪ್ಪಿನ ಚಿಂತಿ ಇರಲಿಲ್ಲ. ಪಿಜ್ಜಾದ ಜೋಡಿ ಬರೋ ಸಣ್ಣ ಪೊಟ್ಟಣಗೋಳನ್ನ ಆಗ ಎಲ್ಲಾರೂ ಕೂಡಿಡ್ತಿದ್ವಿ, ನನ್ನ ಕಡೆ ಒಂದು ಡ್ರಾವರ್ ತುಂಬ ಇದ್ದವು.

ಸೋಮವಾರ ಸಂಜಿಗೆ ಹನ್ನೆರಡು ಮಾಡಿ ಪರೀಕ್ಷಾ ನೋಡಿದೆ. ಒಂಬತ್ತು ಎಣ್ಯಾಗ ಬಾಯಿ ಬಿಟ್ಟವು. ಚೀಸ್ ಹೊರಗ ಬಂದು ಎಣ್ಣಿ ಸಿಡದು ಗ್ವಾಡಿತನಾ ಹಾರಿತು. ನನ್ನ ಉದ್ಯೋಗದ ಚಟಕ್ಕ ಪಟ್ಟಿ ಬರದೆ: ಒಂದು, ಅಂಚು ಬಿಚ್ಚತೈತಿ. ಎರಡು, ಪುಡಿ ಉದರತೈತಿ. ಮೂರು, ಒಳಗ ತಣ್ಣಗ, ಹೊರಗ ಕರ್ರಗ. ನಾಕು, ನಮ್ಮನಿಯವ್ರು ತಿಂದು "ಹೂಂ" ಅಂದ್ರು. ನಮ್ಮನಿಯವ್ರು ಎಲ್ಲಾದಕ್ಕೂ ಹೂಂ ಅಂತಾರ, ಅದರಿಂದ ಛಲೋ ಐತೋ ಕೆಟ್ಟೈತೋ ತಿಳಿಯಂಗಿಲ್ಲ.

ಸೋತು ಅತ್ತಿಗೆ ಫೋನ್ ಹಚ್ಚಿದೆ. ಕಡಬಿನ ವಿಷಯಕ್ಕ ನಮ್ಮ ಅತ್ತಿ ಅಂದ್ರ ಅತ್ತಿನ. ನಲವತ್ತು ವರ್ಷದಾಗ ಅವರ ಕಡಬು ಒಂದೂ ಬಾಯಿ ಬಿಟ್ಟಿಲ್ಲ ಅಂತ ಓಣಿಯೊಳಗ ಹೆಸರು.

"ಅತ್ತಿ, ಕಡಬು ಎಣ್ಯಾಗ ಬಿಚ್ಚಾಕತ್ತಾವ್ರಿ. ಏನ ಮಾಡ್ಲಿ?"

"ಈಗ್ಯಾಕ ಕಡಬು? ಯಾವ ಹಬ್ಬ ಐತಿ?"

"ಹಬ್ಬ ಇಲ್ರಿ. ಶನಿವಾರ ಮನಿಗೆ ಒಂದಿಷ್ಟು ಮಂದಿ ಬರೋರದಾರ. ಅರವತ್ತರ ಬೇಕು."

ಆ ಕಡೆ ಸದ್ದ ಇಲ್ಲ. ಫೋನ್ ಕಟ್ ಆತೇನು ಅಂತ ನೋಡಿದೆ. ಆಮ್ಯಾಲ ಅತ್ತಿ ಭಾಳ ಸಣ್ಣ ದನಿಲೆ ಅಂದ್ರು: "ಅಂಚಿಗೆ ಹಾಲ ಹಚ್ಚಿ ಒತ್ತು. ಭಾರಾ ಎತ್ತಬ್ಯಾಡ ಯವ್ವಾ. ಇಡ್ತೀನಿ."

ಭಾರಾ ಎತ್ತಬ್ಯಾಡ ಅಂದದ್ದು ಎಣ್ಣಿ ಬಾಣಲಿಗೆ ಇರಬೇಕು ಅನಕೊಂಡೆ.

ಇಲ್ಲಿ ನಮ್ಮ ಕಡೆ ಪದ್ಧತಿ ಒಂದು ಹೇಳಬೇಕಾಗ್ತೈತಿ. ಬಸುರಿಗೆ ಮೂರು ತಿಂಗಳಾದಾಗ ಕಳ್ಳ ಕುಬಸ ಅಂತ ಮಾಡ್ತಾರ. ಹಸರ ಸೀರಿ ಉಡಿಸಿ, ಹಸರ ಬಳಿ ಇಡಿಸಿ, ಐದು ಮಂದಿ ಮುತ್ತೈದೇರು ಉಡಿ ತುಂಬೋದು. ದೊಡ್ಡ ಕುಬಸ ಆಮ್ಯಾಲ ಊರ ಕರದು ಮಾಡೋದು, ಇದು ಸದ್ದಿಲ್ಲದ್ದು. ಯಾಕ ಕರದೀವಿ ಅಂತ ಕರದವ್ರು ಹೇಳಂಗಿಲ್ಲ, ಬಂದವ್ರು ಕೇಳಂಗಿಲ್ಲ. ಬಾಯಿ ಬಿಟ್ಟು ಆಡಿದ್ರ ಕೂಸಿಗೆ ದೃಷ್ಟಿ ಅಂತ. ಮತ್ತ ನಮ್ಮ ಅತ್ತಿ ಮನಿತನದಾಗ ಆ ಉಡಿಯೊಳಗ ಕರದ ಕಡಬು ಬೀಳಬೇಕು. ಹಬ್ಬ ಇಲ್ಲದ ದಿನ ಸೊಸಿ ಕಡಬಿಗೆ ಎಣ್ಣಿ ಇಟ್ಟಳು, ಮಂದಿನ್ನ ಕರದಳು, ಯಾಕ ಅಂತ ಹೇಳವಲ್ಲಳು ಅಂದ್ರ ಆ ಮನ್ಯಾಗ ಅದಕ್ಕ ಒಂದ ಅರ್ಥ. ನನಗ ಇದೊಂದೂ ಗೊತ್ತಿರಲಿಲ್ಲ. ನಾ ಹುಟ್ಟಿ ಬೆಳದದ್ದು ಹೈದರಾಬಾದಿನಾಗ, ನಮ್ಮವ್ವ ನಾ ಸಣ್ಣಾಕಿ ಇದ್ದಾಗ ತೀರಿಕೊಂಡಿದ್ದಳು, ಹೇಳಿಕೊಡೋರು ಯಾರಿದ್ರು?

ಶನಿವಾರ ಮುಂಜಾನೆ ಬಾಗಲ ತಗದ್ರ ಅತ್ತಿ ನಿಂತಾರ! ಜೋಡಿ ಅವರ ನೆಗೆಣ್ಣಿ, ಅಂದ್ರ ನಮ್ಮ ಸಣ್ಣತ್ತಿ. ಲಿಂಗಂಪಲ್ಲಿ ಸ್ಟೇಷನ್ನಿನಾಗ ಇಳದು ಆಟೋದಾಂವನ ಜೋಡಿ ಹಿಂದಿಯೊಳಗ ಜಗಳಾಡಿ ಬಂದಾರ. ಕೈಯಾಗ ಎರಡು ಚೀಲ, ಒಂದು ಸ್ಟೀಲ್ ಡಬ್ಬಿ. ನಾ ಚೀಲಕ್ಕ ಕೈ ಹಾಕಿದ್ರ ಅತ್ತಿ ಹೌಹಾರಿ "ಬಿಡ ಬಿಡ!" ಅಂತ ಕಸಗೊಂಡ್ರು. ನನ್ನ ಮಾರಿ ನೋಡಿ ಎರಡೂ ಕೈಲೆ ಲಟಕಿ ಮುರದ್ರು. ಕಣ್ಣಾಗ ನೀರ ಇತ್ತು.

ನನಗ ಅರ್ಥ ಆತು. ನಮ್ಮನಿಯವ್ರು ಬಡ್ತಿ ಸುದ್ದಿ ಹೇಳ್ಯಾರ, ಅದಕ್ಕ ಬಂದಾರ! ನಾಕು ವರ್ಷ ಕೇಳಲಾರದವ್ರು ನನ್ನ ನೌಕರಿ ಸಲುವಾಗಿ ರೈಲ ಹತ್ತಿ ಬಂದಾರ. ನಾ ಇವರನ್ನ ಎಷ್ಟ ತಪ್ಪ ತಿಳಕೊಂಡಿದ್ದೆ ಅಂತ ದುಃಖ ಒತ್ತರಿಸಿ ಬಂತು, ಬಿಕ್ಕಿ ಬಿಕ್ಕಿ ಅತ್ತೆ. "ಅಳಬಾರದು, ಈಗ ಅಳಬಾರದು" ಅಂತ ಅತ್ತಿ ತಾವೂ ಅತ್ತರು. ಸಣ್ಣತ್ತಿ ಸುಮ್ಮನ ಯಾಕ ನಿಲ್ಲೋದಂತ ಅತ್ತರು. ಒಬ್ಬೊಬ್ಬರದು ಒಂದೊಂದು ಕಾರಣ, ಆದ್ರ ಅಳೋದು ಮಾತ್ರ ಸಾಮೂಹಿಕ.

ಅಡಗಿಮನಿ ಅತ್ತಿ ಕೈಗೆ ಹೋತು. ನನ್ನ ಸ್ಟೂಲಿನ ಮ್ಯಾಲ ಕೂಡಸಿ, ಹೇಳು ಹೆಂಗ ಮಾಡೋದು ಅಂದ್ರು. ನಾ ಒಂಬತ್ತು ಪಾನ ಹಿಡಕೊಂಡು ಓದಿದೆ. ಚೌಕ ಅಂದ್ರ ಅತ್ತಿಗೆ ಸಿಟ್ಟು ಬಂತು. "ಕಡಬು ಅಂದ್ರ ಅರ್ಧ ಚಂದ್ರ. ಇದೇನ ಫರಸೀಕಲ್ಲು?" ಕುದಸಬೇಕು ಅಂದೆ. "ಮೊದಲ ಕುದಸೋದು, ಆಮ್ಯಾಲ ಕರಿಯೋದು. ಒಂದ ಜೀವಾನ ಎರಡ ಸಲ ಯಾಕ ಕೊಲ್ತೀ?" ಟೋಸ್ಟಿನ ಪುಡಿ ಹಚ್ಚಬೇಕು ಅಂದೆ. ಅತ್ತಿ ಪುಡಿ ಚಿಮಟಿಯೊಳಗ ಹಿಡದು ನೋಡಿ, ಕಿಟಕಿಯಿಂದ ಬಾಜೂಕಿನ ಕಟ್ಟಡ ನೋಡಿ, ಮತ್ತ ಪುಡಿ ನೋಡಿದ್ರು. "ಈ ಊರಾಗ ತಿನ್ನೋದಕ್ಕೂ ಉಸುಕು ಹಚ್ಚತಾರೇನವ್ವಾ?"

ಆದ್ರ ಹೇಳತೀನಿ, ಅವರ ಕೈ ಅಂದ್ರ ಕೈ. ನಮ್ಮನಿಯವ್ರ ಸ್ಟೀಲ್ ಪಟ್ಟಿ ಇಟ್ಟು ಎರಡೆರಡು ಇಂಚಿಗೆ ಕತ್ತರಿಸಿ, ಅಂಚಿಗೆ ಹಾಲ ಹಚ್ಚಿ, ಹೆಬ್ಬಟ್ಟಿಲೆ ಒತ್ತಿ, ನಾಕೂ ಕಡೆ ಒತ್ತೊತ್ತಾಗಿ ಅಂಚ ಮಡಚಿದ್ರು. ಇಟಲಿಯವರು ಎದುರಿಗಿದ್ರ ಕಾಲಿಗೆ ಬೀಳ್ತಿದ್ರು. ಅರವತ್ತರಾಗ ಒಂದೂ ಬಿಚ್ಚಲಿಲ್ಲ. ನಾ ಪಟ್ಟಿ ಬರಿಯಾಕ ಪೆನ್ನ ಹಿಡಕೊಂಡ ಕುಂತೆ, ಬರಿಯಾಕ ಏನೂ ಸಿಗಲಿಲ್ಲ.

ಅಷ್ಟರಾಗ ಸಣ್ಣತ್ತಿ ಸ್ಟೀಲ್ ಡಬ್ಬಿ ತಗದ್ರು. ಒಳಗ ಕಡಲಿಬ್ಯಾಳಿ ಬೆಲ್ಲದ ಹೂರಣ. "ಉಡಿಗೆ ಬೇಕಲ್ಲ, ಇಪ್ಪತ್ತೊಂದು ಸಿಹೀದೂ ಮಾಡೂಣು" ಅಂದ್ರು. ಯಾವ ಉಡಿ ಅಂತ ನಾ ಕೇಳೂದ್ರಾಗ ಚೀಲದಿಂದ ಹಸರ ಸೀರಿ ಹೊರಗ ಬಂತು. ಹಸರ ಕುಪ್ಪಸ. ಎರಡು ಡಜನ್ ಹಸರ ಗಾಜಿನ ಬಳಿ. ಕೊಬ್ಬರಿ ಬಟ್ಟಲಾ, ಉತ್ತತ್ತಿ, ಅರಿಷಿಣ ಕೊಂಬು. ನಾ ಹುಡುಗಿದ್ದಾಗ ಬಾಜೂ ಮನಿಯೊಳಗ ಒಂದು ಕುಬಸ ನೋಡಿದ್ದೆ. ಪೂರಾ ಗೊತ್ತಿಲ್ಲದಿದ್ರೂ ಹಸರ ಅಂದ್ರ ಯಾರಿಗೆ ಅನ್ನೋದು ಗೊತ್ತಿತ್ತು.

"ಅತ್ತಿ, ಅದು ಹಂಗಲ್ರಿ, ನಾನು…"

ಅತ್ತಿ ಹಿಟ್ಟಿನ ಕೈಲೆನ ನನ್ನ ಬಾಯಿ ಮುಚ್ಚಿದ್ರು. "ಶ್! ಹೇಳಬಾರದು. ನೀ ಹೇಳಬಾರದು, ನಾ ಕೇಳಬಾರದು."

ಅವರ ಮಾರಿ ಆಗ ನೋಡಬೇಕಿತ್ತು ನೀವು. ಹತ್ತು ವರ್ಷ ಸಣ್ಣವ್ರಾಗಿದ್ರು. ಗಲ್ಲಕ್ಕ ಮೈದಾ ಹತ್ತಿತ್ತು. ಇವರಿಗೆ ಇಲ್ಲ ಅಂತ ಹೇಳಬೇಕು. ಐತವಾರದ ಫೋನಿನಾಗ ಏನಿಲ್ರಿ ಅನ್ನೋದು ಬ್ಯಾರೆ, ರೈಲ ಹತ್ತಿ ಹಸರ ಸೀರಿ ತಂದವ್ರ ಮಾರಿ ಎದುರ ಅನ್ನೋದು ಬ್ಯಾರೆ. ಬಿಸಿತುಪ್ಪ ಬಾಯಾಗ ಹಾಕ್ಕೊಂಡಂಗ ಆತು, ನುಂಗಾಕೂ ಆಗವಲ್ದು, ಉಗಳಾಕೂ ಆಗವಲ್ದು.

ನಮ್ಮನಿಯವ್ರನ್ನ ಬಾಲ್ಕನಿಗೆ ಎಳಕೊಂಡ ಹೋದೆ. "ನಿಮ್ಮವ್ವಾರಿಗೆ ಏನ ಹೇಳೀರಿ?" ಅಂದೆ. ಏನೂ ಹೇಳಿಲ್ಲ ಅಂದ್ರು. ಮಂಗಳವಾರ ಫೋನ್ ಬಂದಿತ್ತಂತ, "ಅಕಿನ್ನ ಆಟೋದಾಗ ಕೂಡಸಬ್ಯಾಡ, ಕುಲಕತೈತಿ" ಅಂದ್ರಂತ, ಇವರು ಹೂಂ ಅಂದ್ರಂತ. "ಯಾಕ ಅಂತ ಕೇಳಬಾರದೇನ್ರಿ?" ಅಂದೆ. "ರಸ್ತೆ ಕೆಟ್ಟಾವಲ್ಲ, ಅದಕ್ಕ ಅಂದಾಳ ಅನಕೊಂಡೆ." "ಈಗರ ಹೋಗಿ ಹೇಳ್ರಿ!" "ಹೂಂ" ಅಂದ್ರು, ಅಲ್ಲೇ ನಿಂತ್ರು. ಅವರಿಗೂ ಆ ಮಾತ ಹೇಳಾಕ ಆಗವಲ್ದು ಅಂತ ಆಗ ತಿಳೀತು. ಬೈಯಾಕ ಬಾಯಿ ತಗದಾಕಿ ಹಂಗ ಮುಚ್ಚಿದೆ.

ಒಳಗ ಬಂದು ಇನ್ನೊಮ್ಮೆ ಪ್ರಯತ್ನ ಮಾಡಿದೆ. "ಅತ್ತಿ, ಇವತ್ತ ಬರೋರು ಆಫೀಸಿನವ್ರು. ಗಂಡಸ್ರು ಬರ್ತಾರ. ಇದು ಪಾರ್ಟಿರಿ." ಅತ್ತಿ ಬಾಣಲಿಯೊಳಗ ಝಾರಿ ಆಡಸ್ತಾ ಅಂದ್ರು: "ಹೌದವ್ವಾ, ಪಾರ್ಟಿನ. ನಾವೂ ನಮ್ಮ ಕಾಲಕ್ಕ ಶೆಂಗಾ ಸುಲಿಯಾಕ ಬರ್ರಿ ಅಂತ ಹೇಳಿ ಕರೀತಿದ್ವಿ." ಕಣ್ಣ ಮಿಟಕಿಸಿದ್ರು. ನನ್ನ ಅತ್ತಿ ಕಣ್ಣ ಮಿಟಕಿಸಿದ್ದನ್ನ ನಾ ನಾಕು ವರ್ಷದಾಗ ನೋಡಿರಲಿಲ್ಲ.

ಇಷ್ಟಕ್ಕ ಮುಗೀಲಿಲ್ಲ. ಐದು ಮುತ್ತೈದೇರು ಬೇಕಲ್ಲ? ಸಣ್ಣತ್ತಿ ಕೆಳಗ ಹೋದವ್ರು ಬಾಜೂಕಿನ ಕಟ್ಟಡದಾಗ ಕೆಲಸಾ ಮಾಡಾಕತ್ತಿದ್ದ ಮೂರು ಮಂದಿ ಹೆಂಗಸ್ರನ್ನ ಹಿಡಕೊಂಡ ಬಂದ್ರು. ಯಾದಗಿರಿ ಕಡಿಯವ್ರು. ಆ ಕಟ್ಟಡದ ಧೂಳಿಗೆ ನಾ ಆರು ತಿಂಗಳಿಂದ ಶಾಪ ಹಾಕ್ತಿದ್ದೆ, ಅಲ್ಲಿ ಕನ್ನಡ ಮಂದಿ ಅದಾರಂತ ನನಗ ಗೊತ್ತಿರಲಿಲ್ಲ. ಸಣ್ಣತ್ತಿಗೆ ಇಪ್ಪತ್ತ ನಿಮಿಷದಾಗ ಅವರ ಊರು, ಅವರ ತವರು, ಅವರ ನಾದಿನಿ ಜಗಳ ಎಲ್ಲಾ ಗೊತ್ತಾಗಿತ್ತು. ಮಾರಿ ತೊಳಕೊಂಡು, ಕುಂಕುಮ ಹಚಗೊಂಡು, ಚಾಪಿಮ್ಯಾಲ ಸಾಲಾಗಿ ಕುಂತ್ರು. ಯಾಕ ಕರದೀರಿ ಅಂತ ಅವರೂ ಕೇಳಲಿಲ್ಲ. ಹಸರ ಸೀರಿ ನೋಡಿ ಸುಮ್ಮನ ನಕ್ಕರು. ಪದ್ಧತಿ ಗೊತ್ತಿದ್ದವ್ರು.

ಮಧ್ಯಾಹ್ನ ನಾಕಕ್ಕ ಟೀಮ್ ಬಂತು. ನಾನು ಹಸರ ಸೀರಿ, ಮೊಣಕೈತನಾ ಹಸರ ಬಳಿ, ತಲಿ ತುಂಬ ಮಲ್ಲಿಗಿ. "ವಾವ್, ಟ್ರೆಡಿಷನಲ್ ಥೀಮ್!" ಅಂದ್ರು. ಒಂದು ಕಡೆ ಸೋಫಾದಾಗ ಜೀನ್ಸ್ ಹಾಕ್ಕೊಂಡವ್ರು, ಎದುರಿಗೆ ಚಾಪಿಮ್ಯಾಲ ಮುತ್ತೈದೇರು, ನಡುವ ಮಣಿ, ಮಣಿಮ್ಯಾಲ ನಾನು. ಎರಡೂ ಕಡೆಯವ್ರು ಒಬ್ಬರನ್ನೊಬ್ಬರು ನೋಡಿ ನಗಾಕತ್ತಿದ್ರು. ಗಂಡಸ್ರನ್ನ ನೋಡಿ ಸಣ್ಣತ್ತಿ ಮಾರಿ ಮಾತ್ರ ಬಿಗದಿತ್ತು.

ತಾಟಿನಾಗ ರವಿಯೋಲಿ ಬಂದವು. ಆಗ ನನಗ ಇನ್ನೊಂದು ಅನಾಹುತ ಕಾಣಿಸ್ತು. ಸಣ್ಣತ್ತಿ ಎಲ್ಲಾ ಒಂದ ನಮೂನಿ ಇರಲಿ ಅಂತ ಹೂರಣದ ಇಪ್ಪತ್ತೊಂದನ್ನೂ ಚೌಕ ಕತ್ತರಿಸಿ ಟೋಸ್ಟಿನ ಪುಡ್ಯಾಗ ಹೊಳ್ಳಾಡಿಸಿ, ಎಲ್ಲಾದರ ಜೋಡಿ ಕೂಡಸಿಬಿಟ್ಟಾರ. ಯಾವುದರಾಗ ಚೀಸ್, ಯಾವುದರಾಗ ಬೆಲ್ಲ, ಆ ಶಿವನ ಬಲ್ಲ. ಮ್ಯಾನೇಜರ್ ಒಂದು ಆರಿಸಿ, ಬಳ್ಳೊಳ್ಳಿ ಹಾಕಿದ ಟೊಮ್ಯಾಟೊ ಸಾಸಿನಾಗ ಪೂರಾ ಅದ್ದಿ, ಬಾಯಾಗ ಇಟ್ಟುಕೊಂಡ್ರು. ಕಡದ ಅಂಚಿನಾಗ ಹಳದಿ ಹೂರಣ ಕಾಣಿಸ್ತು. ಅವರು ಕಣ್ಣು ಮುಚ್ಚಿ, ನಿಧಾನಕ್ಕ ಅಗದು, ತಲಿ ಅಲ್ಲಾಡಿಸಿ ಅಂದ್ರು: "ಇದಾ. ಅಲ್ಲಿ ಇದಾ ರುಚಿ."

ಚಾಪಿ ಕಡೆ ಚೀಸಿಂದು ಹೋಗಿತ್ತು. ಒಬ್ಬಾಕಿ ಕಡದು, ನೂಲಿನಂಗ ಎಳಕೊಂಡು ಬಂದದ್ದನ್ನ ನೋಡಿ, "ಯಕ್ಕಾ, ಹಾಲ ಕೆಟ್ಟೈತಿ" ಅಂದಳು. ಎರಡನೇದಾಕಿ "ಕೆಟ್ಟಿದ್ರೂ ರುಚಿ ಐತಿ" ಅಂತ ಮೂರು ತಿಂದಳು.

ಈ ಗದ್ದಲದಾಗ ಅತ್ತಿ ಮೊರದಾಗ ಅಕ್ಕಿ, ಕೊಬ್ಬರಿ, ಕಡಬು ಜೋಡಿಸಿಕೊಂಡು ನನ್ನ ಉಡಿ ತುಂಬಾಕ ಬಗ್ಗಿದ್ರು. ಸಣ್ಣತ್ತಿಗೆ ಅಲ್ಲಿತನಕ ತಡಕೊಂಡದ್ದು ತಡಕೊಳ್ಳಾಕ ಆಗಲಿಲ್ಲ. ಗಂಡಸ್ರು ಕುಂತಲ್ಲಿ ಕಳ್ಳ ಕುಬಸ ಆದ ಮ್ಯಾಲ ಇನ್ನ ಯಾವ ಪದ್ಧತಿ ಉಳೀತು ಅನಿಸಿತೋ ಏನೋ, ಗಟ್ಟಿ ದನಿಲೆ ಕೇಳಿಬಿಟ್ರು: "ಅಲ್ಲ, ಇದೀಗ ಎಷ್ಟನೇ ತಿಂಗಳ ಅಂತೀನಿ?"

"ಏನಂದ್ರು ಆಂಟಿ?" ಅಂತ ಟೀಮಿನ ಹುಡುಗಿ ಕೇಳಿದಳು. ಚಾಪಿಮ್ಯಾಲಿನ ಹಿರಿಯಾಕಿ ಹತ್ತು ವರ್ಷ ಹೈದರಾಬಾದಿನಾಗ ಕಲ್ಲು ಗಾರಿ ಹೊತ್ತಾಕಿ, ತೆಲುಗು ಛಲೋ ಬರ್ತಿತ್ತು. ಪಾಪ, ಉಪಕಾರ ಆಗಲಿ ಅಂತ ತೆಲುಗಿನಾಗ ಹೇಳಿದಳು. ಮುಗೀತು! ಹುಡುಗ್ಯಾರು ಚಿಟ್ಟನ ಚೀರಿ ನನ್ನ ಅಪ್ಪಿಕೊಂಡ್ರು. ಹುಡುಗ್ರು ಕಂಗ್ರಾಟ್ಸ್ ಅಂದ್ರು. ಮ್ಯಾನೇಜರ್ ಕೈಯಾಗಿನ ರವಿಯೋಲಿ ಅಲ್ಲೇ ನಿಂತಿತು. ಅವರು ಬೆರಳ ಮಡಚಿ ತಿಂಗಳ ಎಣಿಸಾಕತ್ತಿದ್ದನ್ನ ನಾ ನೋಡಿದೆ. "ಹಂಗಾದ್ರ ಡಿಸೆಂಬರಿನ ಸಾಫ್ಟ್‌ವೇರ್ ರಿಲೀಸ್ ಯಾರು ನೋಡ್ತಾರ?" ಅಂದ್ರು. ಲೀಡ್ ಆಗಿ ಹತ್ತು ದಿನ ಆಗಿರಲಿಲ್ಲ ನಾನು.

ಎದ್ದ ನಿಂತೆ. "ನಾ ಬಸುರಿ ಇಲ್ಲ!" ಅಂತ ಒದರಿದೆ. ಕನ್ನಡದಾಗ ಅಂದದ್ದು ಅರ್ಧ ಮಂದಿಗೆ ತಿಳೀಲಿಲ್ಲ, ತೆಲುಗಿನಾಗ ಅಂದೆ. ಮ್ಯಾನೇಜರ್ ಉತ್ತರ ಭಾರತದವ್ರು, ಅವರಿಗೆ ಹಿಂದಿಯಾಗ ಅಂದೆ. ರಿಲೀಸಿನ ಸಲುವಾಗಿ ಇಂಗ್ಲಿಷಿನಾಗೂ ಒಮ್ಮೆ ಅಂದೆ. ನಾಕು ಭಾಷಾದಾಗ ನಾಕು ಸಲ. ಹೆಂಗಸು ತನ್ನ ಬಾಯಿಲೆ ಒಮ್ಮೆ ಹೇಳಾಕ ಆಗಲಾರದ ಮಾತದು.

ಅತ್ತಿ ಮೊರಾ ಹಿಡಕೊಂಡು ಬಗ್ಗಿದವ್ರು ಬಗ್ಗಿದಲ್ಲೇ ಇದ್ರು. ಅವರ ಮಾರಿ ನೋಡೋ ಧೈರ್ಯ ನನಗಾಗಲಿಲ್ಲ, ಮೊರದಾಗಿನ ಅಕ್ಕಿ ನೋಡಿದೆ.

"ಹಂಗಾರ ಇದೆಲ್ಲಾ ಯಾಕ?" ಅಂದ್ರು ಸಣ್ಣತ್ತಿ. ದನ್ಯಾಗ ಸಿಟ್ಟಿತ್ತು. "ಮತ್ಯಾಕ ನಾವು ಕತ್ತಲಾಗ ಎದ್ದು ರೈಲಿಗೆ ಬಂದ್ವಿ? ಊರಾಗ ನಾಕು ಮನಿಗೆ ಹೇಳಿ ಬಂದೀನಿ ನಾನು!"

"ನನಗ ಬಡ್ತಿ ಆಗೈತ್ರಿ," ಅಂದೆ ನಾನು. ಎಷ್ಟ ಸಣ್ಣ ಮಾತಾಗಿ ಕೇಳಿಸ್ತು ಅದು! "ಹನ್ನೊಂದು ಮಂದಿಗೆ ಲೀಡ್ ಮಾಡ್ಯಾರ. ಅದಕ್ಕ ಪಾರ್ಟಿ ಇತ್ತು. ನಿಮಗ ಮೊದಲ ಹೇಳಲಿಲ್ಲ. ನಂದ ತಪ್ಪು."

ಅತ್ತಿ ನೆಟ್ಟಗ ನಿಂತ್ರು. ಒಮ್ಮೆ ಸೋಫಾದವ್ರನ್ನ ನೋಡಿದ್ರು, ಒಮ್ಮೆ ನೆಗೆಣ್ಣಿನ್ನ. ಆಮ್ಯಾಲ ನನ್ನ ಭುಜಾ ಹಿಡದು ಮಣಿಮ್ಯಾಲ ಕೂಡಸಿದ್ರು.

"ಅದಕ್ಕ ಬಂದದ್ದು ನಾನು," ಅಂದ್ರು. "ನಮ್ಮ ಮನ್ಯಾಗ ಸೊಸಿಗೆ ಬಡ್ತಿ ಆದ್ರ ಉಡಿ ತುಂಬತೀವಿ."

"ಯಾವಾಗಿಂದ?" ಅಂದ್ರು ಸಣ್ಣತ್ತಿ.

"ಮೊದಲಿಂದ. ನಿನಗ ಬಡ್ತಿ ಆಗಿಲ್ಲ, ಅದಕ್ಕ ಗೊತ್ತಿಲ್ಲ."

ಚಾಪಿಮ್ಯಾಲಿನ ಹಿರಿಯಾಕಿ ಮೊದಲ ನಕ್ಕಳು, ಆಮ್ಯಾಲ ಎಲ್ಲಾರೂ. ಅತ್ತಿ ಉಡಿ ತುಂಬಿದ್ರು. ಅಕ್ಕಿ, ಕೊಬ್ಬರಿ, ಉತ್ತತ್ತಿ, ಟೋಸ್ಟಿನ ಪುಡಿ ಹಚ್ಚಿದ ಚೌಕ ಕಡಬು. ಐದು ಮಂದಿ ತುಂಬಿದ್ರು. ಕಡೀಕ ಮ್ಯಾನೇಜರ್ ನಾನೂ ಹಾಕಬಹುದೇನು ಅಂತ ಎದ್ದ ಬಂದ್ರು, ಸಣ್ಣತ್ತಿ ಅವರನ್ನ ನೋಡಿದ ನೋಟಕ್ಕ ಹಂಗ ಹೊಳ್ಳಿ ಹೋಗಿ ಕುಂತ್ರು.

ಎಲ್ಲಾರೂ ಹೋದ ಮ್ಯಾಲ ಅಡಗಿಮನಿಯೊಳಗ ಅತ್ತಿ ಬಾಣಲಿ ತಿಕ್ಕಾಕತ್ತಿದ್ರು. ನಾ ತಿಕ್ಕತೀನಿ ಕೊಡ್ರಿ ಅಂದೆ. ಕೊಡಲಿಲ್ಲ. ತಲಿ ಎತ್ತಲಾರದ ಕೇಳಿದ್ರು.

"ಹನ್ನೊಂದು ಮಂದ್ಯಾಗ ಗಂಡಸ್ರೆಷ್ಟು?"

"ಎಂಟು."

"ನೀ ಹೇಳಿದ್ದ ಕೇಳ್ತಾರ?"

"ಇಲ್ರಿ. ಇನ್ನಾ ಕೇಳಂಗಿಲ್ಲ."

"ಕೇಳ್ತಾರ. ಇವತ್ತ ಒದರಿದೆಲ್ಲ, ಹಂಗ ಒದರು." ಬಾಣಲಿ ಬೋರಲ ಹಾಕಿದ್ರು. ಸೆರಗಿಲೆ ಕೈ ಒರಸಿಕೊಂಡ್ರು, ಆಮ್ಯಾಲ ಅದಾ ಸೆರಗಿಲೆ ಮಾರಿ. "ನನಗ ದುಃಖ ಆಗೈತಿ, ಸುಳ್ಳ ಯಾಕ ಹೇಳ್ಲಿ. ರೈಲಿನಾಗ ಕುಂತು ಕೂಸಿಗೆ ಹೆಸರ ಸೈತ ಇಟ್ಟಿದ್ದೆ. ಆದ್ರ ಅದು ನನ್ನ ದುಃಖ. ನೀ ಹೊರಬ್ಯಾಡ."

ನಾ ಅವರ ಹೆಗಲಿಗೆ ಮಾರಿ ಹಚ್ಚಿ ಅತ್ತೆ. ಈ ಸಲ ಇಬ್ಬರದೂ ಒಂದ ಕಾರಣ ಇತ್ತು.

ಎರಡು ವರ್ಷ ಬಿಟ್ಟು ನನಗ ಮಗಳು ಹುಟ್ಟಿದಳು. ತೊಟ್ಟಲಾಗ ಹಾಕೋ ದಿನ, ಯಾರೂ ಇಲ್ಲದಾಗ ಅತ್ತಿಗೆ ಕೇಳಿದೆ: "ಅವತ್ತ ರೈಲಿನಾಗ ಇಟ್ಟಿದ್ರೆಲ್ಲ, ಆ ಹೆಸರ ಹೇಳ್ರಿ. ಅದನ್ನ ಇಡೂಣು."

ಅತ್ತಿ ಕೂಸಿನ ಅಂಗಾಲ ತಿಕ್ಕತಿದ್ರು.

"ಬ್ಯಾಡ ಯವ್ವಾ," ಅಂದ್ರು. "ಆ ಹೆಸರ ಅವತ್ತ ರೈಲಿನಾಗ ನನ್ನ ಜೋಡಿ ಬಂದ ಕೂಸಿಗೆ ಆಗಲೇ ಕೊಟ್ಟೀನಿ."